ದಾಕ್ಷಿಣ್ಯದ ಲೆಕ್ಕ: ಯೂನಿಕ್ಸಿನ ‘ನೈಸ್’ ಕುರಿತು ಒಂದು ವಿಮರ್ಶೆ

೧

ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಪರಿಚಯಿಸುವ ಪಠ್ಯಗಳಲ್ಲಿ ‘ನೈಸ್’ ಎಂಬ ಆದೇಶಕ್ಕೆ ಸಾಮಾನ್ಯವಾಗಿ ಸಲ್ಲುವುದು ಅರ್ಧ ಪುಟದ ಗೌರವ. ಅದು ಕಾರ್ಯವೊಂದರ ಆದ್ಯತೆಯನ್ನು ಬದಲಾಯಿಸುವ ಸಾಧನವೆಂದೂ, ಸಂಖ್ಯೆ ಹೆಚ್ಚಿದಷ್ಟೂ ಆದ್ಯತೆ ಕುಗ್ಗುವುದೆಂದೂ, ಗೊತ್ತುಪಡಿಸಿದ ಹೊತ್ತಿನಲ್ಲಿ ಹಿನ್ನೆಲೆಯಲ್ಲಿ ನಡೆಯತಕ್ಕ ಕಾರ್ಯಗಳ ಮುಂದೆ ಇದನ್ನು ಬರೆಯುವುದು ಒಳ್ಳೆಯ ವಾಡಿಕೆಯೆಂದೂ ಹೇಳಿ ಪಠ್ಯವು ಮುಂದಿನ ವಿಷಯಕ್ಕೆ ಹೊರಟುಹೋಗುತ್ತದೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇಷ್ಟನ್ನೇ ಬರೆಯುತ್ತಾರೆ. ಅಧ್ಯಾಪಕರು ಇಷ್ಟಕ್ಕೇ ಅಂಕಗಳನ್ನು ಕೊಡುತ್ತಾರೆ.

ಈ ವಿವರಣೆ ಸುಳ್ಳೆಂದು ಯಾರೂ ಹೇಳಲಾರರು. ಆದರೆ ಇದನ್ನೇ ನಂಬಿ ಯಂತ್ರವೊಂದರ ಮೇಲ್ವಿಚಾರಣೆಗೆ ಕುಳಿತವರು, ಹತ್ತೊಂಬತ್ತರ ನೈಸ್ ಕೊಟ್ಟು ನಡೆಸಿದ ರಾತ್ರಿಯ ಕಾರ್ಯವೊಂದು ಬೆಳಿಗ್ಗೆ ಎಲ್ಲರ ಕೆಲಸವನ್ನೂ ತಡೆದು ನಿಲ್ಲಿಸಿರುವುದನ್ನು ಕಂಡು ದಿಗ್ಭ್ರಮೆಗೊಳ್ಳುವುದುಂಟು. ಆಗ ಅವರು ಯಂತ್ರವನ್ನು ದೂರುತ್ತಾರೆ, ಇಲ್ಲವೆ ಆ ಆದೇಶವನ್ನೇ ನಿಷ್ಪ್ರಯೋಜಕವೆಂದು ತಳ್ಳಿಹಾಕುತ್ತಾರೆ. ದೋಷವಿರುವುದು ಎರಡರಲ್ಲಿಯೂ ಅಲ್ಲ. ಆ ಆದೇಶವನ್ನು ನಾವು ಓದಿದ ರೀತಿಯಲ್ಲಿ. ‘ನೈಸ್’ ಎಂಬುದನ್ನು ಆದ್ಯತೆಯೆಂದು ಭಾಷಾಂತರಿಸಿಕೊಂಡಾಗಲೇ ತಪ್ಪು ಮೊದಲಾಗುತ್ತದೆ. ಅದು ದಾಕ್ಷಿಣ್ಯದ ಒಂದು ಲೆಕ್ಕ. ಅದರ ಗುಣವೂ ಅದರ ಮಿತಿಯೂ ಇದರಿಂದಲೇ ಹುಟ್ಟುತ್ತವೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಪದದ ಹುಟ್ಟನ್ನು ತಿಳಿಯಬೇಕಾದರೆ ಅದು ಯಾವ ಸಮಾಜದಲ್ಲಿ ಹುಟ್ಟಿತೆಂಬುದನ್ನು ನೋಡಬೇಕು. ಒಂದೇ ಕಂಪ್ಯೂಟರನ್ನು ಅನೇಕರು ಏಕಕಾಲದಲ್ಲಿ ಬಳಸುವ ಕಾಲಹಂಚಿಕೆಯ ವ್ಯವಸ್ಥೆಯನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಹೋದ್ಯೋಗಿಗಳು ೧೯೬೧ರಲ್ಲಿ ಮೊದಲು ಪ್ರದರ್ಶಿಸಿದರು. ಅಲ್ಲಿ ಯಾರ ಕಾರ್ಯಕ್ಕೆ ಯಾವಾಗ ಸರದಿ ಎಂಬುದನ್ನು ವ್ಯವಸ್ಥೆಯೇ ತೀರ್ಮಾನಿಸುತ್ತಿತ್ತು. ಗಾತ್ರದಲ್ಲಿ ದೊಡ್ಡದಾದ ಕಾರ್ಯ ಕೆಳಗಿನ ಸಾಲಿನಲ್ಲಿ ನಿಲ್ಲುತ್ತಿತ್ತು. ದೀರ್ಘವಾಗಿ ಓಡಿದ ಕಾರ್ಯ ಇನ್ನೂ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಹೀಗಿರಲಾಗಿ ‘ನನಗೆ ಅವಸರವಿಲ್ಲ’ ಎಂದು ಬಳಕೆದಾರನು ತಾನಾಗಿ ಹೇಳುವ ಸಂದರ್ಭ ಅಲ್ಲಿ ಮುಖ್ಯವಾಗಿರಲಿಲ್ಲ.

೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಯೂನಿಕ್ಸ್ ಬೇರೆ ಬಗೆಯ ಸಮುದಾಯದಲ್ಲಿ ಬೆಳೆಯಿತು. ಅದರ ಬಳಕೆದಾರರು ಸಂಖ್ಯೆಯಲ್ಲಿ ಕಡಿಮೆ. ಬಹುಮಟ್ಟಿಗೆ ಒಬ್ಬರನ್ನೊಬ್ಬರು ಬಲ್ಲವರು. ಈ ವ್ಯವಸ್ಥೆಯ ನಾಲ್ಕನೆಯ ಆವೃತ್ತಿಯಲ್ಲಿ, ಅಂದರೆ ೧೯೭೩ರಲ್ಲಿ, ‘ನೈಸ್’ ಎಂಬ ಆದೇಶ ಕಾಣಿಸಿಕೊಂಡಿತು. ಇಂಗ್ಲಿಷಿನಲ್ಲಿ ಈ ಪದಕ್ಕೆ ಹಿತವಾದ ನಡತೆಯುಳ್ಳದ್ದು, ಪರರಿಗೆ ತೊಂದರೆ ಕೊಡದ್ದು ಎಂಬ ಅರ್ಥಗಳಿವೆ. ಯಂತ್ರದ ಪರಿಭಾಷೆಯಲ್ಲಿ ನಡತೆಯ ಪದವೊಂದು ಬಂದು ಕುಳಿತುದು ಕೇವಲ ವಿನೋದವೆಂದು ಭಾವಿಸುವವರಿದ್ದಾರೆ. ವಿನೋದ ಇದ್ದಿರಬಹುದು; ಆದರೆ ಪದದೊಡನೆ ಒಂದು ವಿಧಿಯೂ ಬಂತೆಂಬುದನ್ನು ಗಮನಿಸಬೇಕು. ತನ್ನ ಕಾರ್ಯದ ನೈಸ್ ಸಂಖ್ಯೆಯನ್ನು ಏರಿಸಲು, ಅಂದರೆ ತಾನು ಹಿಂದೆ ಸರಿದು ಪರರಿಗೆ ದಾರಿ ಬಿಡಲು, ಯಾರಿಗೂ ಅಡ್ಡಿಯಿಲ್ಲ. ಆ ಸಂಖ್ಯೆಯನ್ನು ಇಳಿಸಿ ಮುಂದಕ್ಕೆ ನುಗ್ಗುವ ಅಧಿಕಾರವಾದರೋ ರೂಟ್ ಎಂದು ಕರೆಯಲ್ಪಡುವ ಯಜಮಾನ ಬಳಕೆದಾರನಿಗೆ ಮಾತ್ರ. ಅಷ್ಟೇ ಅಲ್ಲ, ಒಮ್ಮೆ ಹಿಂದೆ ಸರಿದವನು ತಾನಾಗಿ ಮೊದಲಿನ ಸ್ಥಾನಕ್ಕೆ ಮರಳಲಾರನು. ಲಿನಕ್ಸಿನಲ್ಲಿ ಈ ಕಟ್ಟನ್ನು ಒಂದು ಮಿತಿಯೊಳಗೆ ಸಡಿಲಿಸುವ ಅನುಕೂಲ ೨೦೦೫ರಲ್ಲಿ ಬಂದಿತಾದರೂ, ಅದನ್ನು ದಯಪಾಲಿಸಬೇಕಾದವನು ಯಜಮಾನನೇ.

ಈ ಅಸಮತೆಯೇ ಈ ರಚನೆಯ ನಿಜವಾದ ಸೊಗಸು. ಆದ್ಯತೆ ಎಂಬುದು ಮೇಲಿನಿಂದ ಕೊಡಲ್ಪಡುವುದು. ಅದನ್ನು ಕೇಳಬೇಕು, ಕೇಳಿದವರಿಗೆ ಕೊಡಬೇಕೆ ಬೇಡವೆ ಎಂದು ಇನ್ನೊಬ್ಬರು ವಿಚಾರಿಸಬೇಕು. ನೈಸ್ ಕೆಳಗಿನಿಂದ ಬರತಕ್ಕದ್ದು. ತನ್ನ ಕಾರ್ಯ ಅವಸರದ್ದಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅದರ ಒಡೆಯನೇ ಆದುದರಿಂದ, ಅವನ ಮಾತನ್ನು ಪ್ರಶ್ನೆಯಿಲ್ಲದೆ ಸ್ವೀಕರಿಸಬಹುದು. ತನಗೆ ಅವಸರವಿದೆಯೆಂಬ ಅವನ ಮಾತನ್ನು ಹಾಗೆ ಸ್ವೀಕರಿಸಲಾಗದು. ಏಕೆಂದರೆ ಆ ಮಾತನ್ನು ಎಲ್ಲರೂ ಆಡುತ್ತಾರೆ.

೧೯೭೯ರ ಏಳನೆಯ ಆವೃತ್ತಿಯ ಕೈಪಿಡಿ ಇಲ್ಲಿ ಒಂದು ಸ್ವಾರಸ್ಯವಾದ ಸಲಹೆಯನ್ನು ಸೇರಿಸುತ್ತದೆ. ದೀರ್ಘಕಾಲ ಓಡುವ ಕಾರ್ಯಗಳನ್ನು ಆಡಳಿತದವರಿಂದ ಬೈಗಳು ತಿನ್ನದೆ ನಡೆಸಬಯಸುವವರು ಹತ್ತರ ಸಂಖ್ಯೆಯನ್ನು ಬಳಸುವುದು ಲೇಸು ಎಂಬುದು ಆ ಸಲಹೆಯ ತಾತ್ಪರ್ಯ. ಕೈಪಿಡಿಗಳು ಬಹುಮಟ್ಟಿಗೆ ಯಂತ್ರವು ಏನು ಮಾಡುತ್ತದೆಂಬುದನ್ನು ಹೇಳುತ್ತವೆ. ಈ ವಾಕ್ಯ ಮಾತ್ರ ಮನುಷ್ಯರು ಏನೆಂದುಕೊಳ್ಳುತ್ತಾರೆಂಬುದನ್ನು ಹೇಳುತ್ತದೆ. ಹತ್ತು ಎಂಬ ಸಂಖ್ಯೆಗೆ ಇಲ್ಲಿ ಗಣಿತದ ಆಧಾರ ಕೊಟ್ಟಿಲ್ಲ. ನೆರೆಹೊರೆಯವರ ಮನಸ್ಸೇ ಅದಕ್ಕೆ ಆಧಾರ. ಇಂದಿಗೂ ನೈಸ್ ಆದೇಶಕ್ಕೆ ಸಂಖ್ಯೆಯನ್ನು ಹೇಳದೆ ಬಿಟ್ಟರೆ ಅದು ತಾನಾಗಿ ಕೂಡಿಸಿಕೊಳ್ಳುವುದು ಹತ್ತನ್ನೇ. ಸಿ-ಷೆಲ್ಲಿನಲ್ಲಿ ಅಡಕವಾಗಿರುವ ಅದೇ ಹೆಸರಿನ ಆದೇಶವು ಕೂಡಿಸಿಕೊಳ್ಳುವುದು ನಾಲ್ಕನ್ನು ಮಾತ್ರ ಎಂಬುದನ್ನು ಬಲ್ಲವರು, ದಾಕ್ಷಿಣ್ಯದ ಪ್ರಮಾಣ ಮನೆಯಿಂದ ಮನೆಗೆ ಬೇರೆಯಾಗುವುದನ್ನು ನೆನೆದು ನಗಬಹುದು.

೩

ಪ್ರಾಚೀನ ಕಾವ್ಯಗಳನ್ನು ಸಂಪಾದಿಸುವವರಿಗೆ ಪಾಠಾಂತರಗಳ ಕಷ್ಟ ಗೊತ್ತು. ಇಲ್ಲಿರುವ ಕಷ್ಟ ಅದಕ್ಕಿಂತ ಸೂಕ್ಷ್ಮವಾದದ್ದು: ಪಾಠವು ಐವತ್ತು ವರ್ಷಗಳಿಂದ ಹೆಚ್ಚುಕಡಿಮೆ ಒಂದೇ, ಅರ್ಥ ಮಾತ್ರ ಬದಲಾಗಿದೆ.

೧೯೭೫ರ ಆರನೆಯ ಆವೃತ್ತಿಯನ್ನು ತೆಗೆದುಕೊಳ್ಳೋಣ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಜಾನ್ ಲಯನ್ಸ್ ಅವರು ತಮ್ಮ ವಿದ್ಯಾರ್ಥಿಗಳಿಗಾಗಿ ಇದರ ಮೂಲಕ್ಕೆ ಸಾಲುಸಾಲಾಗಿ ವ್ಯಾಖ್ಯಾನ ಬರೆದುದರಿಂದ ಈ ಆವೃತ್ತಿಯ ಒಳಗು ನಮಗೆ ಚೆನ್ನಾಗಿ ತಿಳಿದಿದೆ. ಅದರಲ್ಲಿ ಸರದಿಯ ಲೆಕ್ಕ ಹೀಗೆ: ಸಾಮಾನ್ಯ ಬಳಕೆದಾರನ ಕಾರ್ಯಕ್ಕೆ ಮೂಲದಲ್ಲಿ ೧೦೦ರ ಅಂಕ. ಆ ಕಾರ್ಯವು ಇತ್ತೀಚೆಗೆ ಬಳಸಿದ ಪ್ರೊಸೆಸರ್ ಕಾಲದ ಗಣನೆ ೦ಯಿಂದ ೨೫೫ರವರೆಗೆ ಏರಬಲ್ಲದು. ಅದನ್ನು ೧೬ರಿಂದ ಭಾಗಿಸಿ ಬಂದ ಪೂರ್ಣಾಂಕವನ್ನು ೧೦೦ಕ್ಕೆ ಕೂಡಿಸಬೇಕು. ಬಳಿಕ ನೈಸ್ ಸಂಖ್ಯೆಯನ್ನು ಕೂಡಿಸಬೇಕು. ಮೊತ್ತವು ಯಾವುದಕ್ಕೆ ಕಡಿಮೆಯೋ ಅದಕ್ಕೆ ಮೊದಲ ಸರದಿ. ನೈಸ್ ಸಂಖ್ಯೆ ಹೆಚ್ಚೆಂದರೆ ೨೦ ಆಗಬಹುದು.

ಈಗ ಗುಣಿಸಿ ನೋಡಿದರೆ ಒಂದು ಗಂಭೀರವಾದ ಸಂಗತಿ ಹೊರಬೀಳುತ್ತದೆ. ನೈಸ್ ಇಲ್ಲದ ಕಾರ್ಯವೊಂದು ಎಷ್ಟೇ ಹೊಟ್ಟೆಬಾಕನಾದರೂ ಅದರ ಮೊತ್ತ ೧೧೫ನ್ನು ಮೀರದು. ೨೦ರ ನೈಸ್ ಪಡೆದ ಕಾರ್ಯದ ಮೊತ್ತವು, ಅದು ಎಷ್ಟೇ ಕಾಲ ಉಪವಾಸ ಬಿದ್ದಿದ್ದರೂ, ೧೨೦ಕ್ಕೆ ಕಡಿಮೆಯಾಗದು. ಆದುದರಿಂದ ಸಾಮಾನ್ಯ ಕಾರ್ಯವೊಂದು ಪ್ರೊಸೆಸರಿಗಾಗಿ ಸಿದ್ಧವಾಗಿ ನಿಂತಿರುವಷ್ಟು ಹೊತ್ತೂ ಈ ವಿನೀತ ಕಾರ್ಯಕ್ಕೆ ಸರದಿಯೇ ಬಾರದು. ೧೦ರ ನೈಸ್ ಪಡೆದದ್ದಾದರೆ ೧೧೦ರಿಂದ ಮೊದಲಾಗುವುದರಿಂದ, ಇತರ ಕಾರ್ಯಗಳು ದಣಿದು ೧೧೦ನ್ನು ಮೀರಿದಾಗ ಅದಕ್ಕೂ ಒಂದಿಷ್ಟು ಸಿಕ್ಕಬಹುದು. ಕೈಪಿಡಿಯ ಸಲಹೆಯ ಹತ್ತು ಇದೇ ಸಮುದಾಯದ ಅನುಭವದಿಂದ ಬಂದುದು ಎಂಬುದನ್ನು ನೆನೆದರೆ ಅದು ಅಷ್ಟೇನೂ ಯಾದೃಚ್ಛಿಕವಾಗಿ ತೋರುವುದಿಲ್ಲ.

ತಗ್ಗಿ ನಡೆದವರು ಉಪವಾಸ ಬೀಳುವ ಈ ಅಪಾಯಕ್ಕೆ ಪಠ್ಯಪುಸ್ತಕಗಳಲ್ಲಿ ಒಂದು ಐತಿಹ್ಯ ಉಂಟು. ಅದೇ ಮೆಸಾಚುಸೆಟ್ಸ್ ಸಂಸ್ಥೆಯ ಐಬಿಎಂ ೭೦೯೪ ಯಂತ್ರವನ್ನು ೧೯೭೩ರಲ್ಲಿ ನಿಲ್ಲಿಸಿದಾಗ, ೧೯೬೭ರಲ್ಲಿ ಸಲ್ಲಿಸಲಾಗಿದ್ದ ಕೆಳ ಆದ್ಯತೆಯ ಕಾರ್ಯವೊಂದು ಇನ್ನೂ ಸರದಿಗಾಗಿ ಕಾಯುತ್ತಿದ್ದುದು ಕಂಡುಬಂದಿತಂತೆ. ಪಠ್ಯಗಳೇ ಇದನ್ನು ವದಂತಿಯೆಂದು ಹೇಳಿ ಕೊಡುತ್ತವೆ. ವದಂತಿಯಾದರೂ ಅಧ್ಯಾಪಕರು ಅದನ್ನು ಬಿಡದೆ ಹೇಳುತ್ತ ಬಂದಿರುವುದಕ್ಕೆ ಕಾರಣ, ಅದು ಕಟ್ಟುನಿಟ್ಟಾದ ಆದ್ಯತೆಯ ಅನ್ಯಾಯವನ್ನು ಒಂದೇ ಏಟಿಗೆ ಮನಗಾಣಿಸುತ್ತದೆ.

ಲಿನಕ್ಸಿನಲ್ಲಿ ೨೦೦೭ರ ಅಕ್ಟೋಬರಿನಿಂದ, ಅಂದರೆ ೨.೬.೨೩ನೆಯ ಆವೃತ್ತಿಯಿಂದ, ಲೆಕ್ಕವೇ ಬೇರೆಯಾಯಿತು. ಇಂಗೊ ಮೊಲ್ನಾರ್ ಅವರು ರಚಿಸಿದ ಆ ಷೆಡ್ಯೂಲರು ನೈಸ್ ಸಂಖ್ಯೆಯನ್ನು ಸರದಿಯ ಸ್ಥಾನವಾಗಿ ಎಣಿಸದೆ ಪಾಲಿನ ತೂಕವಾಗಿ ಎಣಿಸಿತು. ಸೊನ್ನೆಗೆ ತೂಕ ೧೦೨೪. ಒಂದೊಂದು ಮೆಟ್ಟಿಲು ಇಳಿದಂತೆ ತೂಕವು ಸುಮಾರು ೧.೨೫ರಿಂದ ಭಾಗವಾಗುತ್ತದೆ. ಐದಕ್ಕೆ ೩೩೫, ಹತ್ತಕ್ಕೆ ೧೧೦, ಹತ್ತೊಂಬತ್ತಕ್ಕೆ ೧೫. ಒಂದೇ ಪ್ರೊಸೆಸರಿಗಾಗಿ ಸೊನ್ನೆಯ ಕಾರ್ಯವೂ ಹತ್ತರ ಕಾರ್ಯವೂ ಹೋರಾಡಿದರೆ ಎರಡನೆಯದಕ್ಕೆ ಶೇಕಡ ೯.೭ರಷ್ಟು ಕಾಲ ದೊರೆಯುತ್ತದೆ. ಹತ್ತೊಂಬತ್ತರದಕ್ಕೆ ಶೇಕಡ ೧.೪ರಷ್ಟು. ೨೦೨೩ರಲ್ಲಿ ೬.೬ನೆಯ ಆವೃತ್ತಿಯೊಡನೆ ಸರದಿ ಆರಿಸುವ ಕ್ರಮ ಮತ್ತೆ ಬದಲಾದರೂ ತೂಕಗಳ ಪಟ್ಟಿ ಹಾಗೆಯೇ ಉಳಿಯಿತು.

ಎರಡು ಲೆಕ್ಕಗಳನ್ನೂ ಜೊತೆಯಲ್ಲಿಟ್ಟು ನೋಡಬೇಕು. ೧೯೭೫ರಲ್ಲಿ ಕಡೆಯ ಮೆಟ್ಟಿಲಿನ ನೈಸ್ ಎಂದರೆ ‘ನೀವೆಲ್ಲ ಮುಗಿಸುವವರೆಗೆ ನಾನು ಮುಟ್ಟುವುದಿಲ್ಲ’ ಎಂದು ಅರ್ಥ. ೨೦೦೭ರ ಬಳಿಕ ‘ನನಗೊಂದು ತುತ್ತು ಇಟ್ಟು ಉಳಿದುದನ್ನು ನೀವು ಬಡಿಸಿಕೊಳ್ಳಿ’ ಎಂದು ಅರ್ಥ. ಮೊದಲನೆಯದು ಪರಿಪೂರ್ಣ ತ್ಯಾಗ, ಎರಡನೆಯದು ಮಿತವಾದ ಹಕ್ಕು. ಉಪವಾಸದ ಅಪಾಯವನ್ನು ತಪ್ಪಿಸಿದುದರಿಂದ ಎರಡನೆಯದೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ಆ ಒಂದು ತುತ್ತೂ ಅವಸರದ ಕಾರ್ಯದ ಬಾಯಿಂದ ಬಂದುದೆಂಬುದನ್ನು ಮರೆಯುವಂತಿಲ್ಲ.

ಎರಡಕ್ಕೂ ಸಮಾನವಾದ ಲಕ್ಷಣ ಒಂದಿದೆ. ಅದೇ ನಮ್ಮ ವಾದಕ್ಕೆ ಮುಖ್ಯವಾದದ್ದು. ಇನ್ನೊಬ್ಬರು ಎದುರಿಗಿಲ್ಲದಾಗ ನೈಸ್ ಸಂಖ್ಯೆಗೆ ಯಾವ ಅರ್ಥವೂ ಇಲ್ಲ. ಹತ್ತೊಂಬತ್ತರ ಕಾರ್ಯವೊಂದೇ ಇದ್ದರೆ ಪ್ರೊಸೆಸರ್ ಪೂರ್ತಿಯಾಗಿ ಅದರದೇ. ಹತ್ತೊಂಬತ್ತರ ಕಾರ್ಯಗಳು ಎರಡಿದ್ದರೆ ಅರ್ಧರ್ಧ. ಹತ್ತಕ್ಕೂ ಹದಿನೈದಕ್ಕೂ ನಡುವಣ ಪಾಲು, ಸೊನ್ನೆಗೂ ಐದಕ್ಕೂ ನಡುವಣ ಪಾಲಿಗೆ ಸಮ. ಎಂಟು ಪ್ರೊಸೆಸರುಗಳ ಯಂತ್ರದಲ್ಲಿ ನಾಲ್ಕೇ ಕಾರ್ಯಗಳಿದ್ದರೆ ಯಾರ ನೈಸ್ ಎಷ್ಟಿದ್ದರೂ ಒಂದೇ. ಅಂದಮೇಲೆ ನೈಸ್ ಎಂಬುದು ಕಾರ್ಯದ ಸ್ವಂತ ಗುಣವಲ್ಲ, ಅದು ಸಂಬಂಧದ ಗುಣ. ಸೌಜನ್ಯ ಮನುಷ್ಯನು ಒಬ್ಬಂಟಿಯಾಗಿದ್ದಾಗಲೂ ಇರಬಲ್ಲದು, ವಿನಯವೂ ಹಾಗೆಯೇ. ದಾಕ್ಷಿಣ್ಯವಾದರೋ ಎದುರಿಗೆ ಒಬ್ಬರು ನಿಂತಾಗ ಮಾತ್ರ ಹುಟ್ಟುತ್ತದೆ. ನಮ್ಮ ತರಗತಿಗಳಲ್ಲಿ ಈ ಪದಕ್ಕೆ ಕನ್ನಡದಲ್ಲಿ ವಿವರಣೆ ಕೊಡುವಾಗ ‘ಆದ್ಯತೆ’ ಎನ್ನುವುದಕ್ಕಿಂತ ‘ದಾಕ್ಷಿಣ್ಯ’ ಎನ್ನುವುದು ಹೆಚ್ಚು ಒಪ್ಪುತ್ತದೆ ಎಂದು ಹೇಳುವುದಕ್ಕೆ ಇದೇ ಆಧಾರ. ಸಂಖ್ಯೆ ಏರಿದರೆ ಪಾಲು ಏಕೆ ಇಳಿಯುತ್ತದೆಂದು ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಗೂ ಈ ಪದದಿಂದ ಗೊಂದಲ ತಾನಾಗಿ ಬಿಡುತ್ತದೆ: ದಾಕ್ಷಿಣ್ಯ ಹೆಚ್ಚಿದವನಿಗೆ ಸಿಕ್ಕುವುದು ಕಡಿಮೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

೪

ಇನ್ನು ಗೊತ್ತಾದ ಹೊತ್ತಿಗೆ ನಡೆಯುವ ಹಿನ್ನೆಲೆ ಕಾರ್ಯಗಳ ವಿಷಯ. ಯೂನಿಕ್ಸಿನಲ್ಲಿ ‘ಕ್ರಾನ್’ ಎಂಬ ಕಾವಲುಗಾರ ಕಾರ್ಯ ನಿಮಿಷಕ್ಕೊಮ್ಮೆ ಎಚ್ಚೆತ್ತು, ಕ್ರಾನ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ನಿಮಿಷ, ಗಂಟೆ, ದಿನಾಂಕ, ತಿಂಗಳು, ವಾರ ಎಂಬ ಐದು ಅಂಕಣಗಳನ್ನು ನೋಡಿ, ಆ ಗಳಿಗೆಗೆ ಸಲ್ಲುವ ಕಾರ್ಯಗಳನ್ನು ಹೊರಡಿಸುತ್ತದೆ. ಅದು ಬಲ್ಲುದು ಕಾಲವನ್ನು ಮಾತ್ರ. ಯಂತ್ರದ ಮೇಲಿನ ಹೊರೆಯನ್ನು ಅದು ವಿಚಾರಿಸುವುದಿಲ್ಲ. ಆದಕಾರಣ ಪಟ್ಟಿಯನ್ನು ಬರೆಯುವವರು ಕಾರ್ಯದ ಹೆಸರಿನ ಮುಂದೆ ನೈಸ್ ಎಂದೂ ಹತ್ತೊಂಬತ್ತೆಂದೂ ಬರೆದು ತಮ್ಮ ಕರ್ತವ್ಯ ತೀರಿತೆಂದು ಭಾವಿಸುತ್ತಾರೆ.

ಒಂದು ಕಾಲೇಜಿನ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳ ಕಡತಗಳನ್ನೆಲ್ಲ ರಾತ್ರಿ ಎರಡೂವರೆಗೆ ಕಟ್ಟಿ, ಸಂಕೋಚಿಸಿ, ಬೇರೊಂದು ಡಿಸ್ಕಿಗೆ ಸಾಗಿಸುವ ಏರ್ಪಾಡಿದೆಯೆಂದು ಇಟ್ಟುಕೊಳ್ಳೋಣ. ಪಟ್ಟಿಯ ಸಾಲಿನಲ್ಲಿ ಮೊದಲು ನೈಸ್. ಬಳಿಕ ಕಡತಗಳನ್ನು ಕಟ್ಟುವ ಟಾರ್. ಅದರ ಫಲವನ್ನು ಕೊಳವೆಯ ಮೂಲಕ ಪಡೆದು ಸಂಕೋಚಿಸುವ ಜಿಜಿಪ್. ನೋಡುವವರಿಗೆ ಸಾಲೆಲ್ಲವೂ ವಿನೀತವಾಗಿ ಕಾಣುತ್ತದೆ. ವಾಸ್ತವದಲ್ಲಿ ನೈಸ್ ಅನ್ವಯಿಸುವುದು ತನಗೆ ತಗುಲಿದ ಮೊದಲ ಕಾರ್ಯಕ್ಕೆ, ಅಂದರೆ ಟಾರಿಗೆ ಮಾತ್ರ. ಕೊಳವೆಯ ಆಚೆಗಿನ ಜಿಜಿಪ್ ಸೊನ್ನೆಯಲ್ಲೇ ಓಡುತ್ತದೆ. ಪ್ರೊಸೆಸರನ್ನು ಹೆಚ್ಚು ತಿನ್ನುವುದು ಜಿಜಿಪ್ಪೇ. ದಾಕ್ಷಿಣ್ಯ ತೋರಬೇಕಾದವನನ್ನು ಬಿಟ್ಟು ಬೇರೊಬ್ಬನಿಂದ ದಾಕ್ಷಿಣ್ಯ ತೋರಿಸಿದಂತಾಯಿತು. ಸಾಲನ್ನೆಲ್ಲ ಒಂದು ಕಡತದಲ್ಲಿ ಬರೆದು ಆ ಕಡತವನ್ನೇ ನೈಸ್ ಮೂಲಕ ಓಡಿಸಿದರೆ, ಮಕ್ಕಳು ತಾಯಿಯ ಸಂಖ್ಯೆಯನ್ನು ಪಡೆಯುವರಾದುದರಿಂದ, ದೋಷ ಪರಿಹಾರವಾಗುತ್ತದೆ. ಓಡುತ್ತಿರುವ ಕಾರ್ಯವನ್ನು ತಿದ್ದಬೇಕಾದರೆ ೧೯೮೦ರಲ್ಲಿ ಬರ್ಕ್ಲಿಯ ಯೂನಿಕ್ಸಿನೊಡನೆ ಬಂದ ‘ರಿನೈಸ್’ ಇದೆ. ಅಲ್ಲಿಯೂ ಎಚ್ಚರ ಬೇಕು: ನೈಸ್ ಆದೇಶಕ್ಕೆ ಕೊಡುವ ಸಂಖ್ಯೆ ಕೂಡಿಕೆಯಾದರೆ, ಲಿನಕ್ಸಿನ ರಿನೈಸ್ ವಾಡಿಕೆಯಾಗಿ ಅದನ್ನು ತಲುಪಬೇಕಾದ ಸಂಖ್ಯೆಯೆಂದೇ ತಿಳಿಯುತ್ತದೆ.

ಈ ದೋಷವನ್ನು ತಿದ್ದಿದ ಮೇಲೂ ಬೆಳಗಿನ ತೊಂದರೆ ತಪ್ಪದೆ ಹೋಗಬಹುದು. ಕಡತಗಳನ್ನು ಕಟ್ಟುವ ಕಾರ್ಯಕ್ಕೆ ಪ್ರೊಸೆಸರು ಬೇಕಾದುದು ಅಲ್ಪ. ಅದು ಮುಖ್ಯವಾಗಿ ಬೇಡುವುದು ಡಿಸ್ಕನ್ನು. ಯಂತ್ರದಲ್ಲಿರುವ ಕಡತಗಳ ಹೆಸರುಗಳನ್ನೆಲ್ಲ ಕಲೆಹಾಕುವ ಅಪ್‌ಡೇಟ್‌ಡಿಬಿ ಎಂಬ ಪ್ರಸಿದ್ಧ ನಿತ್ಯಕಾರ್ಯವೂ ಇಂಥದೇ. ನೈಸ್ ಆಳುವುದು ಪ್ರೊಸೆಸರಿನ ಸರದಿಯನ್ನು. ಡಿಸ್ಕಿನ ಸರದಿಗೆ ಬೇರೆ ಮಾತು ಬೇಕೆಂಬುದನ್ನು ಲಿನಕ್ಸ್ ಒಪ್ಪಿಕೊಂಡುದು ೨೦೦೫ರಲ್ಲಿ, ‘ಐಓನೈಸ್’ ಎಂಬ ಆದೇಶದ ಮೂಲಕ. ಅದರಲ್ಲಿ ಮೂರು ವರ್ಗಗಳುಂಟು. ಕಡೆಯದಾದ ‘ಐಡ್ಲ್’ ವರ್ಗಕ್ಕೆ ಸೇರಿದ ಕಾರ್ಯ ಡಿಸ್ಕು ಬಿಡುವಾದಾಗ ಮಾತ್ರ ಅದನ್ನು ಮುಟ್ಟುತ್ತದೆ. ಆದರೆ ಇದು ಫಲಿಸುವುದು ಡಿಸ್ಕಿನ ಸರದಿಕಾರನಿಗೆ ಆ ಭಾಷೆ ತಿಳಿದಿದ್ದರೆ. ಮೊದಲು ಅದನ್ನು ಬಲ್ಲ ಸಿಎಫ್‌ಕ್ಯೂ ಎಂಬ ಸರದಿಕಾರನನ್ನು ೨೦೧೯ರಲ್ಲಿ ೫.೦ನೆಯ ಆವೃತ್ತಿಯಿಂದ ತೆಗೆದುಹಾಕಲಾಯಿತು. ೨೦೧೭ರಲ್ಲಿ ಬಂದ ಬಿಎಫ್‌ಕ್ಯೂ ಅದನ್ನು ಬಲ್ಲುದಾದರೂ ಎಲ್ಲ ಯಂತ್ರಗಳಲ್ಲಿಯೂ ಅದೇ ನಿಯುಕ್ತವಾಗಿರುವುದಿಲ್ಲ. ಕೇಳುವವನಿಲ್ಲದ ಕಡೆ ಆಡಿದ ದಾಕ್ಷಿಣ್ಯದ ಮಾತು ವ್ಯರ್ಥ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದದ್ದು. ೨೦೧೧ರಲ್ಲಿ ಬಂದ ೨.೬.೩೮ನೆಯ ಆವೃತ್ತಿಯಿಂದ ಲಿನಕ್ಸಿನಲ್ಲಿ ‘ಆಟೋಗ್ರೂಪ್’ ಎಂಬ ಏರ್ಪಾಡಿದೆ. ಅದು ಜಾರಿಯಲ್ಲಿರುವ ಕಡೆ ಒಂದೊಂದು ಬಳಕೆಯ ಅಧಿವೇಶನಕ್ಕೆ ಸೇರಿದ ಕಾರ್ಯಗಳೆಲ್ಲ ಒಂದೊಂದು ಕುಟುಂಬವಾಗಿ ಎಣಿಕೆಯಾಗುತ್ತವೆ. ಪಾಲು ಮೊದಲು ಕುಟುಂಬಗಳ ನಡುವೆ ಹಂಚಿಹೋಗಿ, ಬಳಿಕ ಕುಟುಂಬದೊಳಗೆ ನೈಸ್ ಸಂಖ್ಯೆಗನುಸಾರವಾಗಿ ವಿಂಗಡವಾಗುತ್ತದೆ. ಪರಿಣಾಮವೇನೆಂದರೆ, ತನ್ನದೇ ಅಧಿವೇಶನದಲ್ಲಿ ಒಂಟಿಯಾಗಿ ಓಡುವ ಕಾರ್ಯಕ್ಕೆ ಹತ್ತೊಂಬತ್ತರ ನೈಸ್ ಕೊಟ್ಟರೂ ಬೇರೆ ಅಧಿವೇಶನದ ಕಾರ್ಯಗಳಿಗೆ ಅದರಿಂದ ಲಾಭವಿಲ್ಲ. ಮನೆಯೊಳಗೆ ತೋರಿದ ದಾಕ್ಷಿಣ್ಯ ಬೀದಿಯ ಲೆಕ್ಕಕ್ಕೆ ಬರುವುದಿಲ್ಲ. ಕುಟುಂಬಕ್ಕೇ ಒಂದು ನೈಸ್ ಸಂಖ್ಯೆಯನ್ನು ಕೊಡುವ ದಾರಿ ಬೇರೆಯಾಗಿ ಇದೆ. ಆದರೆ ಹಳೆಯ ಕೈಪಿಡಿಯನ್ನು ಓದಿ ಹಳೆಯ ಸಾಲನ್ನು ಬರೆದವರಿಗೆ ಅದು ತಿಳಿಯುವ ಸಂಭವ ಕಡಿಮೆ.

ಇವುಗಳ ಜೊತೆಗೆ ‘ಬ್ಯಾಚ್’ ಎಂಬ ಆದೇಶವನ್ನು ಹೋಲಿಸಿ ನೋಡುವುದು ಉಪಯುಕ್ತ. ಕಾರ್ಯವನ್ನು ಇಂಥ ಗಳಿಗೆಗೆ ಎಂದು ಗೊತ್ತುಪಡಿಸದೆ, ಯಂತ್ರದ ಹೊರೆಯ ಸರಾಸರಿ ಒಂದು ಮಿತಿಗಿಂತ ಇಳಿದಾಗ ಅದನ್ನು ಹೊರಡಿಸುವುದು ಬ್ಯಾಚಿನ ಕ್ರಮ. ಲಿನಕ್ಸಿನಲ್ಲಿ ಹೊರೆಯ ಸರಾಸರಿಯು ಡಿಸ್ಕಿಗಾಗಿ ಕಾದು ಕುಳಿತ ಕಾರ್ಯಗಳನ್ನೂ ಎಣಿಸುವುದರಿಂದ, ನೈಸ್ ಕಾಣದ ಕಷ್ಟವೊಂದನ್ನು ಬ್ಯಾಚ್ ಕಾಣುತ್ತದೆ. ಆದರೆ ಅದು ನೋಡುವುದು ಹೊಸಿಲು ದಾಟುವ ಮುನ್ನ ಮಾತ್ರ. ಒಳಗೆ ಕಾಲಿಟ್ಟ ಬಳಿಕ ಹೊರೆ ಎಷ್ಟೇ ಏರಿದರೂ ಹಿಂದಿರುಗುವುದಿಲ್ಲ. ನೈಸ್ ದಾರಿಯುದ್ದಕ್ಕೂ ದಾಕ್ಷಿಣ್ಯವುಳ್ಳದ್ದು, ಹೊಸಿಲಲ್ಲಿ ಕುರುಡು. ಬ್ಯಾಚ್ ಹೊಸಿಲಲ್ಲಿ ಕಣ್ಣುಳ್ಳದ್ದು, ದಾರಿಯಲ್ಲಿ ಕುರುಡು. ಎರಡನ್ನೂ ಕೂಡಿಸಿ ಬಳಸುವುದು ಜಾಣತನ.

೫

ಇದುವರೆಗೆ ಹೇಳಿದ ಮಿತಿಗಳೆಲ್ಲ ದಾಕ್ಷಿಣ್ಯವು ಸಾಲದೆ ಬರುವಂಥವು. ದಾಕ್ಷಿಣ್ಯವು ಹೆಚ್ಚಾದುದರಿಂದಲೇ ಕೆಡುಕಾಗುವ ಪ್ರಸಂಗವೂ ಉಂಟು. ವಿಮರ್ಶಕರು ಇದನ್ನು ಸಾಕಷ್ಟು ಗಮನಿಸಿಲ್ಲ.

ಮೇಲಿನ ಉದಾಹರಣೆಯ ರಾತ್ರಿಯ ಕಾರ್ಯವು ಅಂಕಪಟ್ಟಿಯ ಕಡತಕ್ಕೆ ಬೀಗ ಹಾಕಿಕೊಂಡು, ಒಂದು ನಿಮಿಷದ ಪ್ರೊಸೆಸರ್ ಕಾಲ ಬೇಡುವ ಲೆಕ್ಕವನ್ನು ಮಾಡಿ, ಬಳಿಕ ಬೀಗ ತೆಗೆಯುತ್ತದೆಯೆಂದು ಭಾವಿಸೋಣ. ಅದೇ ಪ್ರೊಸೆಸರಿನಲ್ಲಿ ಸೊನ್ನೆಯ ನೈಸಿನ ಬೇರೊಂದು ಕಾರ್ಯ ಎಡೆಬಿಡದೆ ಓಡುತ್ತಿದ್ದರೆ, ಹತ್ತೊಂಬತ್ತರ ಈ ಕಾರ್ಯಕ್ಕೆ ದೊರೆಯುವ ಪಾಲು ೧೦೩೯ರಲ್ಲಿ ೧೫. ಒಂದು ನಿಮಿಷದ ಲೆಕ್ಕಕ್ಕೆ ಸುಮಾರು ೬೯ ನಿಮಿಷಗಳು ಹಿಡಿಯುತ್ತವೆ. ಅಷ್ಟು ಹೊತ್ತೂ ಬೀಗ ಅದರ ಕೈಯಲ್ಲಿಯೇ. ಅಂಕಪಟ್ಟಿಯನ್ನು ತೆರೆಯಲು ಬಂದ ಅವಸರದ ಕಾರ್ಯ ಹೊರಗೆ ಕಾಯುತ್ತದೆ. ವಿನೀತ ಕಾರ್ಯ ಯಾರ ಕಾಲವನ್ನೂ ಕಸಿಯಲಿಲ್ಲ. ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲರಿಗೂ ದಾರಿ ಬಿಡುತ್ತ ನಿಂತಿತು, ಅಷ್ಟೆ.

ಇದಕ್ಕೆ ಪರಿಭಾಷೆಯಲ್ಲಿ ಆದ್ಯತೆಯ ವಿಪರ್ಯಾಸವೆಂದು ಹೆಸರು. ಇದರ ಪ್ರಸಿದ್ಧ ದೃಷ್ಟಾಂತ ಯೂನಿಕ್ಸಿನದಲ್ಲ, ವಿಎಕ್ಸ್‌ವರ್ಕ್ಸ್ ಎಂಬ ಬೇರೆ ವ್ಯವಸ್ಥೆಯದು. ಆದರೆ ತತ್ತ್ವ ಒಂದೇ. ೧೯೯೭ರ ಜುಲೈ ೪ರಂದು ಮಂಗಳಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯಲ್ಲಿ, ಹವಾಮಾನದ ಅಂಕಿಗಳನ್ನು ಸಂಗ್ರಹಿಸುವ ಕೆಳ ಆದ್ಯತೆಯ ಕಾರ್ಯವೊಂದು ಬೀಗ ಹಿಡಿದಿದ್ದಾಗ, ನಡುವಣ ಆದ್ಯತೆಯ ಕಾರ್ಯಗಳು ಅದನ್ನು ಬದಿಗೊತ್ತಿ ಓಡಿದುವು. ಮ��ಲಿನ ಆದ್ಯತೆಯ ಕಾರ್ಯ ಬೀಗಕ್ಕಾಗಿ ಕಾದಿತು. ಅದು ಹೊತ್ತಿಗೆ ಸರಿಯಾಗಿ ಮುಗಿಯದುದನ್ನು ಕಂಡ ಕಾವಲು ವ್ಯವಸ್ಥೆ ಕಂಪ್ಯೂಟರನ್ನೇ ಮೊದಲಿನಿಂದ ಪ್ರಾರಂಭಿಸಿತು. ಬೀಗ ಹಿಡಿದವನಿಗೆ, ಅವನನ್ನು ಕಾಯುತ್ತಿರುವವನ ಆದ್ಯತೆಯನ್ನೇ ತಾತ್ಕಾಲಿಕವಾಗಿ ಕೊಡುವ ಅನುಕೂಲವನ್ನು ಭೂಮಿಯಿಂದಲೇ ಜಾರಿಗೊಳಿಸಿ ತೊಂದರೆಯನ್ನು ನಿವಾರಿಸಲಾಯಿತು. ಯೂನಿಕ್ಸಿನ ಸಾಮಾನ್ಯ ಕಡತ-ಬೀಗಗಳಿಗೆ ಈ ಅನುಕೂಲವಿಲ್ಲ. ಆದಕಾರಣ, ಬೀಗ ಹಿಡಿಯುವ ಕಾರ್ಯಕ್ಕೆ ಹತ್ತೊಂಬತ್ತರ ನೈಸನ್ನು ಕೊಡುವವರು, ಕೊಡುವ ಮುನ್ನ ಅದು ಕಾಯುವಾಗ ಏನನ್ನು ಹಿಡಿದುಕೊಂಡಿರುತ್ತದೆಂಬುದನ್ನು ವಿಚಾರಿಸಬೇಕು. ಬೀಗದ ಭಾಗವನ್ನು ಬೇರ್ಪಡಿಸಿ ಬೇಗ ಮುಗಿಸಿ, ಉಳಿದುದನ್ನು ವಿನಯದಿಂದ ನಡೆಸುವುದು ಉಚಿತವಾದ ಕ್ರಮ.

೬

ಇಷ್ಟು ದೋಷಗಳಿರುವ ಈ ಸಾಧನವನ್ನು ಕೈಬಿಡಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಲಿನಕ್ಸಿನಲ್ಲಿ ಈಗ ನಿಯಂತ್ರಣ ಗುಂಪುಗಳೆಂಬ ಏರ್ಪಾಡಿದೆ. ಅದರ ಎರಡನೆಯ ರೂಪದಲ್ಲಿ ಗುಂಪಿನ ಪ್ರೊಸೆಸರ್ ತೂಕವನ್ನು ೧ರಿಂದ ೧೦,೦೦೦ದವರೆಗೆ ನೇರವಾಗಿ ಹೇಳಬಹುದು, ಹೇಳದಿದ್ದರೆ ೧೦೦. ಸಂಖ್ಯೆ ಏರಿದರೆ ಪಾಲೂ ಏರುತ್ತದೆ, ತಲೆಕೆಳಗಾದ ಲೆಕ್ಕವಿಲ್ಲ. ಡಿಸ್ಕಿಗೂ ಸ್ಮೃತಿಗೂ ಬೇರೆ ಬೇರೆ ನಿಯಮಗಳನ್ನು ವಿಧಿಸಬಹುದು. ಕ್ರಾನಿನ ಕೆಲಸವನ್ನು ಸಿಸ್ಟಮ್‌ಡಿಯ ಗಡಿಯಾರಗಳಿಗೆ ಒಪ್ಪಿಸಿದರೆ ಇವೆಲ್ಲವನ್ನೂ ಕಾರ್ಯದ ವಿವರಣೆಯಲ್ಲಿಯೇ ಬರೆದಿಡಬಹುದು. ಇಷ್ಟಾದ ಮೇಲೆ ೧೯೭೩ರ ನಡತೆಯ ಪದವೊಂದು ಏಕೆ ಬೇಕು?

ಈ ವಾದದಲ್ಲಿ ತಥ್ಯವಿದೆ. ಸಂಸ್ಥೆಯೊಂದರ ಯಂತ್ರವನ್ನು ಆಳುವವರಿಗೆ ಗುಂಪಿನ ತೂಕವೇ ಮೇಲಾದ ಸಾಧನ. ಅದನ್ನು ಒಪ್ಪದಿರುವುದು ಹಠವಾದೀತು. ಆದರೆ ತೂಕವನ್ನು ವಿಧಿಸುವವರು ಆಳುವವರು. ಅದು ಹಂಚಿಕೆಯ ಶಾಸನ. ನೈಸ್ ಹೇಳುವುದು ಬಳಸುವವರು. ಅದು ಅವರ ಮಾತು. ನೂರು ವಿದ್ಯಾರ್ಥಿಗಳಿರುವ ಪ್ರಯೋಗಾಲಯದಲ್ಲಿ ಯಾರ ಕಾರ್ಯ ಈ ಹೊತ್ತು ಅವಸರದ್ದು, ಯಾರದು ನಾಳೆಗಾದರೂ ಆದೀತು ಎಂಬುದು ಆಡಳಿತಗಾರನಿಗೆ ತಿಳಿಯುವುದಿಲ್ಲ. ಶಾಸನವು ಎಲ್ಲರಿಗೂ ಸಮಪಾಲನ್ನು ಕೊಟ್ಟೀತು. ಸಮಪಾಲಿನೊಳಗೆ ‘ನೀನು ಮೊದಲು ಮುಗಿಸು’ ಎನ್ನುವ ಮಾತನ್ನು ಅದು ಆಡಲಾರದು. ಆ ಮಾತಿಗೆ ಯೂನಿಕ್ಸಿನಲ್ಲಿ ಇಂದಿಗೂ ಯಾರ ಅಪ್ಪಣೆಯೂ ಬೇಡದ ಪದವೆಂದರೆ ನೈಸ್ ಒಂದೇ. ಅದನ್ನು ಕಲಿಸದೆ ಬಿಟ್ಟರೆ ಹಂಚಿಕೊಂಡ ಯಂತ್ರದಲ್ಲಿ ನೆರೆಯವನೊಬ್ಬನಿದ್ದಾನೆಂಬ ಅರಿವನ್ನೇ ಕಲಿಸದೆ ಬಿಟ್ಟಂತೆ.

ಆದುದರಿಂದ ಅಧ್ಯಾಪಕರು ಈ ಅರ್ಧ ಪುಟವನ್ನು ಸ್ವಲ್ಪ ಹಿಗ್ಗಿಸಬೇಕೆಂಬುದು ನನ್ನ ಸೂಚನೆ. ಹಿನ್ನೆಲೆ ಕಾರ್ಯವೊಂದರ ಮುಂದೆ ನೈಸ್ ಎಂದು ಬರೆಯುವ ವಿದ್ಯಾರ್ಥಿಯನ್ನು ಮೂರು ಪ್ರಶ್ನೆಗಳನ್ನು ಕೇಳಬೇಕು. ಈ ಕಾರ್ಯ ಯಾವುದಕ್ಕಾಗಿ ಹೋರಾಡುತ್ತದೆ, ಪ್ರೊಸೆಸರಿಗೋ ಡಿಸ್ಕಿಗೋ? ಯಾರೊಡನೆ ಹೋರಾಡುತ್ತದೆ, ತನ್ನ ಕುಟುಂಬದವರೊಡನೆಯೋ ಹೊರಗಿನವರೊಡನೆಯೋ? ದಾರಿ ಬಿಟ್ಟು ನಿಂತಾಗ ಅದರ ಕೈಯಲ್ಲಿ ಏನಿರುತ್ತದೆ? ಈ ಮೂರಕ್ಕೂ ಉತ್ತರ ಹೇಳಬಲ್ಲವನು ಹತ್ತೊಂಬತ್ತನ್ನು ಬರೆದರೂ ಸರಿ, ಐದನ್ನು ಬರೆದರೂ ಸರಿ. ಬೆಳಿಗ್ಗೆ ಅವನ ನೆರೆಯವರು ತಮ್ಮ ಕೆಲಸಕ್ಕೆ ಕುಳಿತಾಗ ಯಂತ್ರವು ಅವರಿಗೆ ದೊರೆಯುತ್ತದೆ.